ಹದಿಮೂರು ರಿಂಗು

"ಲೋ, ಈ ಫೋನು ತೊದಲ್ತಾ ಇದೆ ಕಣೋ, ಸ್ವಲ್ಪ ನೋಡು" ಎಂದರು ದೊಡ್ಡಮ್ಮ, ನಾನಿನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ.

ಮೈಸೂರಿನ ಬೋಗಾದಿಯ ಅವರ ಮನೆಗೆ ತಿಂಗಳಿಗೊಂದು ಭಾನುವಾರ ಹೋಗಿ ಬರುವುದು ರೂಢಿ. ಮಾನಸಗಂಗೋತ್ರಿ ದಾಟಿ ಗದ್ದಿಗೆ ರಸ್ತೆ ಹಿಡಿದರೆ ಸಿಗುತ್ತಿದ್ದ ಹಳ್ಳಿ ಅದು. ಕೆರೆಯ ಆಚೀಚೆ ಬಡಾವಣೆಗಳು ಎದ್ದವು, ರಿಂಗ್ ರಸ್ತೆ ಬಂತು, ಆಮೇಲೆ ಅದು ಪಟ್ಟಣ ಪಂಚಾಯಿತಿಯಾಯಿತು. ನಿವೃತ್ತಿಯ ಹಣದಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದವರು ಅಲ್ಲಿ ಬಹಳ. ಅವರ ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ದೊಡ್ಡಮ್ಮ ಹೈಸ್ಕೂಲ್ ಟೀಚರಾಗಿದ್ದವರು. ದೊಡ್ಡಪ್ಪ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಮಂಡಿ ನೋವು, ಕೈಯಲ್ಲೊಂದು ಕೋಲು, ಕಿವಿ ಮಾತ್ರ ಬಲು ಚುರುಕು.

ರಿಸೀವರ್ ಎತ್ತಿ ಕೇಳಿದೆ. ಅವರು ಹೇಳಿದ್ದು ನಿಜ. ಒಂದೇ ಸಮನೆ ಬರಬೇಕಾದ ಡಯಲ್ ಟೋನು ತುಂಡು ತುಂಡಾಗಿ ಬರುತ್ತಿತ್ತು. ಅದೇ ಫೋನಿನಿಂದ ನನ್ನ ಮೊಬೈಲ್‌ಗೆ ಮಾಡಿದರೆ ಕರೆ ಸಲೀಸಾಗಿ ಬಂತು. ಮೊಬೈಲ್‌ನಿಂದ ಆ ನಂಬರಿಗೆ ತಿರುಗಿ ಮಾಡಿದೆ. ನನ್ನ ಕಿವಿಯಲ್ಲಿ ರಿಂಗು ಕೇಳುತ್ತಿದೆ, ಕಣ್ಣೆದುರಿನ ಫೋನು ಮಾತ್ರ ಕಮಕ್ ಕಿಮಕ್ ಅನ್ನುತ್ತಿಲ್ಲ. ನಾಲ್ಕನೇ ರಿಂಗಿಗೆ ಆ ಕಡೆಯಿಂದ "ಹಲೋ" ಅಂದದ್ದು ಬೆಂಗಳೂರಿನಲ್ಲಿರುವ ಅಣ್ಣ, ದೊಡ್ಡಮ್ಮನ ಮಗ.

ಆರು ವಾರದ ಹಿಂದೆ ಆ ಫೋನಿಗೆ ಯಾರೋ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಪೊಲೀಸರು ಮಾತಾಡುತ್ತಾರೆ, ಲೈನಿನಲ್ಲೇ ಇರಿ ಎಂದು ಹೆದರಿಸಿದ್ದರಂತೆ. ದೊಡ್ಡಮ್ಮ ಫೋನಿಟ್ಟು ಮಗನಿಗೆ ಹೇಳಿದ್ದರು. ಅವನು ಆ ರಾತ್ರಿಯೇ ಕಂಪ್ಯೂಟರ್ ಮುಂದೆ ಕುಳಿತು, ದೂರವಾಣಿ ಕಂಪನಿಯ ಪುಟಕ್ಕೆ ಹೋಗಿ, ಎಲ್ಲ ಕರೆಗಳನ್ನೂ ತನ್ನ ಮೊಬೈಲ್‌ಗೆ ಬರುವಂತೆ ತಿರುಗಿಸಿಬಿಟ್ಟ. ಎರಡು ನಿಮಿಷದ ಕೆಲಸ. ಅಮ್ಮನಿಗೆ ಹೇಳಿದರೆ ಬೇಡ ಅನ್ನುತ್ತಾರೆ ಎಂದು ಹೇಳಲಿಲ್ಲ. ಅವನು ದಿನವೂ ಮಾತಾಡುತ್ತಿದ್ದುದು ಅವರ ಪುಟ್ಟ ಮೊಬೈಲ್‌ಗೆ. ಹಾಗಾಗಿ ಬೋಗಾದಿಯ ಹಾಲಿನಲ್ಲಿ ಆರು ವಾರ ಒಂದು ಫೋನು ಬಾಯಿ ಕಟ್ಟಿಸಿಕೊಂಡು ಕೂತಿರುವುದು ಅವನ ಮನಸ್ಸಿಗೇ ಬರಲಿಲ್ಲ.

ಆ ತೊದಲು ಟೋನು ಎಂಜಿನಿಯರುಗಳು ಬೇಕೆಂದೇ ಇಟ್ಟ ಗುರುತು. ನಿಮ್ಮ ಕರೆಗಳು ಬೇರೆ ಕಡೆ ಹೋಗುತ್ತಿವೆ, ಮರೆತೀರಿ ಎಂದು ನೆನಪಿಸುವುದಕ್ಕೆ. ಎಲ್ಲ ಕಡೆ ಅದು ಇರುವುದಿಲ್ಲ, ಇದ್ದರೂ ಅದರ ಅರ್ಥವನ್ನು ಚಂದಾದಾರರಿಗೆ ಯಾರೂ ಹೇಳಿಕೊಡುವುದಿಲ್ಲ. ಈ ಆರು ವಾರದಲ್ಲಿ ಅದನ್ನು ಗಮನಿಸಿದ್ದು ದೊಡ್ಡಮ್ಮನ ಕಿವಿಯೊಂದೇ.

ವಿಷಯ ತಿಳಿದಾಗ ಅವರು ಅಣ್ಣನ ಮೇಲೆ ರೇಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾರೂ ನನ್ನ ಮರೆತುಬಿಟ್ರು ಅಂದ್ಕೊಂಡಿದ್ದೆ" ಎಂದರು. ಏಕಾದಶಿ ಇವತ್ತೋ ನಾಳೆಯೋ ಎಂದು ಕೇಳಲು ಕುವೆಂಪುನಗರದಿಂದ ಫೋನು ಮಾಡುತ್ತಿದ್ದ ಗೆಳತಿ, ಊರಿಗೆ ಬಂದಾಗಲೆಲ್ಲ "ಮಿಸ್, ಹೇಗಿದೀರಾ" ಎಂದು ವಿಚಾರಿಸುತ್ತಿದ್ದ ಹಳೆಯ ವಿದ್ಯಾರ್ಥಿಗಳು, ಎಲ್ಲರಿಗೂ ಗೊತ್ತಿದ್ದದ್ದು ಅದೊಂದೇ ನಂಬರು. ಅವರು ಮಾಡಿದಾಗ ಎತ್ತಿದ್ದು ಗಂಡು ದನಿ. ಮೀಟಿಂಗಿನ ನಡುವೆ "ಅಮ್ಮ ಆರಾಮಾಗಿದಾರೆ, ಹೇಳ್ತೀನಿ" ಎಂದು ಅವನು ಇಟ್ಟುಬಿಡುತ್ತಿದ್ದ. ಎರಡು ಸಲ ಹಾಗಾದ ಮೇಲೆ ಮೂರನೇ ಸಲ ಮಾಡಲು ಯಾರಿಗೂ ಮನಸ್ಸಾಗುವುದಿಲ್ಲ.

ಈ ಕಾಲ್ ಫಾರ್ವರ್ಡ್ ಎನ್ನುವುದು ಫೋನಿನೊಳಗೆ ಇದೆ ಎಂದೇ ಬಹಳ ಮಂದಿ ಭಾವಿಸಿದ್ದಾರೆ. ಸಾಮಾನ್ಯವಾಗಿ ಅದು ಇರುವುದು ಎಕ್ಸ್‌ಚೇಂಜಿನಲ್ಲಿ. ಫೋನಿನ ವೈರು ಕಿತ್ತಿಟ್ಟರೂ ಕರೆ ತಿರುಗಿ ಹೋಗುತ್ತಲೇ ಇರುತ್ತದೆ. ಹಳೆಯ ಯಾಂತ್ರಿಕ ಎಕ್ಸ್‌ಚೇಂಜುಗಳಲ್ಲಿ ಒಂದು ನಂಬರನ್ನು ಇನ್ನೊಂದು ಕಡೆಗೆ ತಿರುಗಿಸಬೇಕಾದರೆ ಒಬ್ಬರು ಹೋಗಿ ತಂತಿ ಬದಲಿಸಬೇಕಿತ್ತು. ನಂಬರಿಗೂ ತಂತಿಗೂ ಇದ್ದ ಆ ಗಂಟು ಬಿಚ್ಚಿದ್ದು ಕಂಪ್ಯೂಟರ್. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಕಸನ್ನಾ ಎಂಬ ಊರಿನಲ್ಲಿ, ಸ್ಮೃತಿಯಲ್ಲಿಟ್ಟ ಪ್ರೋಗ್ರಾಮ್ ನೋಡಿಕೊಂಡು ಕರೆ ಜೋಡಿಸುವ ದೊಡ್ಡ ಎಕ್ಸ್‌ಚೇಂಜು ಕೆಲಸ ಶುರು ಮಾಡಿತು. ಕರೆ ತಿರುಗಿಸುವುದು ಅಲ್ಲಿಂದ ಮುಂದೆ ತಂತಿಯ ಕೆಲಸವಾಗಿ ಉಳಿಯದೆ, ಸ್ಮೃತಿಯಲ್ಲಿ ಒಂದು ಸಾಲು ಬರೆಯುವ ಕೆಲಸವಾಯಿತು.

ನಮ್ಮ ನಾಡಿಗೂ ಈ ಕಥೆಯಲ್ಲಿ ಒಂದು ಜಾಗವಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಲೈನುಗಳ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜನ್ನು ರೂಪಿಸಿತು. ಹವಾನಿಯಂತ್ರಣ ಇಲ್ಲದ ಕೋಣೆಯಲ್ಲೂ, ದೂಳು ಸೆಖೆಯ ನಡುವೆ ಕೆಲಸ ಮಾಡಬೇಕು ಎಂಬುದೇ ಅದರ ಹಟ. ಅದರಲ್ಲಿ ಮೊದಲನೆಯದು 1986ರಲ್ಲಿ ಶುರುವಾದದ್ದು ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಟೆಲಿಫೋನಿಗೆ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ ಕಾಲ ಅದು.

ಆಮೇಲೆ ಕಚೇರಿಗಳಿಗೆ ಐಎಸ್‌ಡಿಎನ್ ಲೈನುಗಳು ಬಂದವು. ಅವುಗಳ ವಿನ್ಯಾಸ ನನಗೆ ತುಂಬ ಇಷ್ಟ. ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಮಾತಿಗೆ, ದತ್ತಾಂಶಕ್ಕೆ ಸೆಕೆಂಡಿಗೆ 64 ಕಿಲೋಬಿಟ್‌ನ ಎರಡು ದಾರಿ. ಅವುಗಳ ಪಕ್ಕದಲ್ಲಿ 16 ಕಿಲೋಬಿಟ್‌ನ ಇನ್ನೊಂದು ಸಣ್ಣ ದಾರಿ. ಯಾರಿಗೆ ಜೋಡಿಸಬೇಕು, ಎಲ್ಲಿಗೆ ತಿರುಗಿಸಬೇಕು ಎಂಬ ಸೂಚನೆಗಳು ಆ ಸಣ್ಣ ದಾರಿಯಲ್ಲಿ ಓಡಾಡುತ್ತಿದ್ದವು. ಕಂಪ್ಯೂಟರಿಗೆ ಕಾರ್ಡು ಹಾಕಿ ಲೈನು ಜೋಡಿಸಿದರೆ, ಫೋನು ಮುಟ್ಟದೆ ಕರೆ ತಿರುಗಿಸಬಹುದಿತ್ತು. ಈಗ ದೊಡ್ಡಮ್ಮನ ಮನೆಗೆ ಬಂದಿರುವುದು ಗಾಜಿನ ಎಳೆ. ಲೈನನ್ನು ನಡೆಸುವ ಕಂಪ್ಯೂಟರು ಎಲ್ಲೋ ದೂರದಲ್ಲಿದೆ, ಅದಕ್ಕೆ ಅಪ್ಪಣೆ ಕೊಡುವ ಪುಟ ಯಾರ ಬಳಿ ಪಾಸ್‌ವರ್ಡ್ ಇದೆಯೋ ಅವರ ಕೈಯಲ್ಲಿ.

ಪಾಸ್‌ವರ್ಡ್ ಇದ್ದದ್ದು ಅಣ್ಣನ ಬಳಿ. ಬಿಲ್ಲು ಕಟ್ಟುವವನು ಅವನೇ ಆದ್ದರಿಂದ ಅವನೇ ಮಾಡಿಟ್ಟುಕೊಂಡಿದ್ದ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ಫೋನು, ಗ್ಯಾಸು, ಬ್ಯಾಂಕು ಎಲ್ಲವೂ ಹೀಗೆ ಮಕ್ಕಳ ಪಾಸ್‌ವರ್ಡಿನ ಕೆಳಗೆ ಸದ್ದಿಲ್ಲದೆ ಜಾರಿಹೋಗಿವೆ. ಪ್ರೀತಿಯಿಂದಲೇ ಜಾರಿವೆ, ಅದರಲ್ಲಿ ಅನುಮಾನವಿಲ್ಲ.

ಅಣ್ಣನ ಜೊತೆ ಸ್ಪೀಕರ್ ಹಾಕಿ ಮಾತಿಗೆ ಕೂತೆವು. ಪೂರ್ತಿ ತೆಗೆದುಬಿಡೋಣ ಎಂದು ನಾನು. ಬೇಡ, ಅಮ್ಮ ಒಬ್ಬರೇ ಇರೋದು, ಬಿದ್ದುಗಿದ್ದು ಫೋನೆತ್ತದೆ ಹೋದರೆ ಕರೆ ನನಗೆ ಬರಲಿ ಎಂದು ಅವನು. ಅವನ ಭಯವೂ ಸುಳ್ಳಲ್ಲ. ಆಗ ದೊಡ್ಡಮ್ಮ ಬಾಯಿ ಹಾಕಿದರು.

"ನಿಮಗೆ ಪಿ.ಪಿ. ನಂಬರು ಅಂದ್ರೆ ಗೊತ್ತೇನ್ರೋ?"

ಗೊತ್ತಿತ್ತು, ಮರೆತಿತ್ತು. ಮನೆಗೊಂದು ಫೋನಿಲ್ಲದ ಕಾಲದಲ್ಲಿ ಮದುವೆ ಕಾಗದದ ಕೆಳಗೆ, ಲೆಟರ್‌ಹೆಡ್ಡಿನ ಮೂಲೆಯಲ್ಲಿ ಪಕ್ಕದ ಮನೆಯ ನಂಬರು ಹಾಕಿ ಮುಂದೆ 'ಪಿ.ಪಿ.' ಎಂದು ಅಚ್ಚು ಹಾಕಿಸುತ್ತಿದ್ದರು. ಅಂದರೆ ಈ ನಂಬರಿಗೆ ಮಾಡಿ, ನಮ್ಮನ್ನು ಕರೆದುಕೊಡುತ್ತಾರೆ ಎಂದರ್ಥ. ದೊಡ್ಡಮ್ಮನ ಮನೆಗೆ ಫೋನು ಬಂದಾಗ ಆ ಅಡ್ಡರಸ್ತೆಗೆ ಅದೊಂದೇ. ಏಳೆಂಟು ಮನೆಗಳಿಗೆ ಅವರದೇ ಪಿ.ಪಿ. ಬಾಣಂತನದ ಸುದ್ದಿ, ಕೆಲಸದ ಆರ್ಡರು ಬಂದ ಸುದ್ದಿ, ಊರಲ್ಲಿ ತೀರಿಕೊಂಡವರ ಸುದ್ದಿ, ಎಲ್ಲವೂ ಮೊದಲು ಬರುತ್ತಿದ್ದುದು ಅವರ ಹಾಲಿಗೆ.

"ಫೋನು ಬಂದ ತಕ್ಷಣ ನಾನೇನು ಮಾಡ್ತಿದ್ದೆ? ಹತ್ತು ನಿಮಿಷ ಬಿಟ್ಟು ಮಾಡಿ, ಕರೆಸ್ತೀನಿ ಅಂತಿದ್ದೆ. ಇವನನ್ನೇ ಓಡಿಸ್ತಿದ್ದೆ, ಹೋಗೋ, ಆ ಮನೆಯವರನ್ನ ಕರ್ಕೊಂಡು ಬಾ ಅಂತ. ಅವರು ಮನೇಲಿ ಇಲ್ಲ ಅಂದ್ರೆ ಮಾತ್ರ ಸುದ್ದಿ ಕೇಳಿ ಬರೆದಿಟ್ಕೋತಿದ್ದೆ. ಅವರಿಗೆ ಬಂದ ಫೋನಿಗೆ ನಾನೇ ಉತ್ತರ ಕೊಟ್ಟು ಇಟ್ಟುಬಿಟ್ರೆ ಚೆನ್ನಾಗಿರ್ತಿತ್ತಾ?"

ಆ ಕಡೆಯಿಂದ ಅಣ್ಣ ಮಾತಾಡಲಿಲ್ಲ. ಬರಿಗಾಲಲ್ಲಿ ಓಡಿ ಅಕ್ಕಪಕ್ಕದವರನ್ನು ಕರೆತಂದ ಹುಡುಗ ಅವನೇ.

ಕಂಪ್ಯೂಟರಿನ ಭಾಷೆಯಲ್ಲಿ ದೊಡ್ಡಮ್ಮ ಹೇಳಿದ್ದಕ್ಕೂ ಒಂದು ಹೆಸರಿದೆ. ಕರೆ ತಿರುಗಿಸುವುದರಲ್ಲಿ ಬಗೆಗಳಿವೆ: ಎಲ್ಲ ಕರೆಗಳನ್ನೂ ತಿರುಗಿಸುವುದು ಒಂದು, ಲೈನು ನಿರತವಾಗಿದ್ದಾಗ ಮಾತ್ರ, ಇಷ್ಟು ಸೆಕೆಂಡು ರಿಂಗಾದರೂ ಯಾರೂ ಎತ್ತದಿದ್ದಾಗ ಮಾತ್ರ, ಮೊಬೈಲ್ ಆದರೆ ಸಂಪರ್ಕಕ್ಕೆ ಸಿಗದಿದ್ದಾಗ ಎಂಬುದೂ ಉಂಟು. ಮೊದಲನೆಯದರಲ್ಲಿ ಮನೆಯ ಫೋನಿಗೆ ಕರೆಯ ಸುಳಿವೇ ಸಿಗುವುದಿಲ್ಲ. ಯಾರೂ ಎತ್ತದಿದ್ದಾಗ ತಿರುಗುವ ಬಗೆಯಲ್ಲಿ ಕರೆ ಮೊದಲು ಯಜಮಾನರ ಬಾಗಿಲು ತಟ್ಟುತ್ತದೆ. ಅಲ್ಲಿ ಒಂದು ಪುಟ್ಟ ಚೌಕವಿರುತ್ತದೆ, ಎಷ್ಟು ಸೆಕೆಂಡು ಕಾಯಬೇಕು ಎಂದು ತುಂಬುವುದಕ್ಕೆ. ಜಿಎಸ್‌ಎಂ ಮೊಬೈಲ್‌ಗಳಲ್ಲಿ ಇದು 5ರಿಂದ 30ರವರೆಗೆ, ಐದೈದರ ಹೆಜ್ಜೆಯಲ್ಲಿ. ಯುವಕರು ಕುಳಿತು ಮಾಡಿದ ಲೆಕ್ಕ ಅದು ಎಂದು ನನಗೆ ಅನ್ನಿಸುತ್ತದೆ. ಜೇಬಿನಲ್ಲಿರುವ ಫೋನಿಗೆ ಮೂವತ್ತು ಸೆಕೆಂಡು ಸಾಕು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿರುವ ಎಂಬತ್ತರ ಹತ್ತಿರದ ಹೆಂಗಸು ಕೋಲು ಹುಡುಕಿ, ಹೊಸ್ತಿಲು ದಾಟಿ, ಅಡುಗೆಮನೆ ಹಾದು ಹಾಲಿಗೆ ಬರುವುದಕ್ಕೆ ಸಾಲದು.

ಈ ಸೆಕೆಂಡುಗಳ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ತಕರಾರೇ ನಡೆದಿದೆ. ಆಗ ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯವರಿಗೆ ಕರೆ ಮಾಡಿದರೆ, ಕರೆ ಹೊರಟ ಕಂಪನಿ ನಿಮಿಷಕ್ಕೆ 6 ಪೈಸೆ ಕೊಡಬೇಕಿತ್ತು. ರಿಂಗಾಗುವ ಹೊತ್ತನ್ನು ಮೊಟಕು ಮಾಡಿದರೆ ಎತ್ತುವಷ್ಟರಲ್ಲಿ ಕರೆ ಕಟ್ಟಾಗುತ್ತದೆ, ಆ ಕಡೆಯವರು ತಿರುಗಿ ಮಾಡುತ್ತಾರೆ, ಪೈಸೆಯ ಲೆಕ್ಕ ಮಗುಚುತ್ತದೆ. ಈ ಜಗಳಕ್ಕೆ ತೆರೆ ಎಳೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರ ನವೆಂಬರ್ 1ರಂದು ಒಂದು ನಿಯಮ ತಂದಿತು. ಯಾರೂ ಎತ್ತದ, ಯಾರೂ ಕಡಿಯದ ಕರೆ ಮೊಬೈಲ್‌ನಲ್ಲಿ 30 ಸೆಕೆಂಡು, ಲ್ಯಾಂಡ್‌ಲೈನಿನಲ್ಲಿ 60 ಸೆಕೆಂಡು ರಿಂಗಾಗಬೇಕು. ಕಾಸಿನ ಜಗಳದಿಂದ ಹುಟ್ಟಿದ ನಿಯಮವಾದರೂ ಆ ಅರವತ್ತನ್ನು ನೋಡಿದಾಗ ನನಗೆ ದೊಡ್ಡಮ್ಮನ ಮಂಡಿಯೇ ಕಣ್ಣಿಗೆ ಬರುತ್ತದೆ. ಲ್ಯಾಂಡ್‌ಲೈನು ಇರುವ ಜಾಗಕ್ಕೆ ಮನುಷ್ಯ ನಡೆದುಹೋಗಬೇಕು ಎಂಬುದಕ್ಕೆ ಒಂದು ಸರ್ಕಾರಿ ಕಾಗದದಲ್ಲಿ ಬೆಲೆ ಸಿಕ್ಕಿದೆ.

ಕರೆ ತಿರುಗಿಸುವ ಅಪ್ಪಣೆ ಯಾರ ಕೈಯಲ್ಲಿರಬೇಕು ಎನ್ನುವುದು ಟೆಲಿಫೋನಿನಷ್ಟೇ ಹಳೆಯ ಪ್ರಶ್ನೆ. ಆಲ್ಮನ್ ಸ್ಟ್ರೋಜರ್ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ಕೆಲಸ ನಡೆಸುತ್ತಿದ್ದ. ಊರಿನ ಟೆಲಿಫೋನ್ ಆಪರೇಟರು ತನಗೆ ಬಂದ ಕರೆಗಳನ್ನು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆ ಎಂಬ ಗುಮಾನಿ ಅವನಿಗಿತ್ತು ಎಂದು ಕಥೆ ಹೇಳುತ್ತಾರೆ. ಕರೆ ಮಾಡುವವರೇ ನಂಬರು ತಿರುಗಿಸುವ ಯಂತ್ರಕ್ಕೆ ಅವನು 1891ರಲ್ಲಿ ಪೇಟೆಂಟು ಪಡೆದದ್ದಂತೂ ದಾಖಲೆ. ನಮ್ಮ ಬೆಂಗಳೂರಿನ ಐಟಿಐ ಕಾರ್ಖಾನೆ ದಶಕಗಟ್ಟಲೆ ಮಾಡಿದ ಎಕ್ಸ್‌ಚೇಂಜುಗಳು ಅದೇ ಕುಲದವು, ಹೆಸರೂ ಸ್ಟ್ರೋಜರ್.

ಅದೇ ಮೋಸ ಈಗ ಬೇರೆ ವೇಷದಲ್ಲಿ ಬಂದಿದೆ. ಮೊಬೈಲ್ ಕಂಪನಿಯವರೆಂದು ಹೇಳಿಕೊಂಡು ಯಾರೋ ಕರೆ ಮಾಡುತ್ತಾರೆ. ನಿಮ್ಮ ಸಿಮ್‌ನಲ್ಲಿ ತೊಂದರೆಯಿದೆ, ಸ್ಟಾರ್ 401 ಸ್ಟಾರ್ ಒತ್ತಿ, ನಾವು ಹೇಳುವ ನಂಬರು ಹಾಕಿ, ಸರಿಹೋಗುತ್ತದೆ ಎನ್ನುತ್ತಾರೆ. ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರಿಗೆ. ಬ್ಯಾಂಕಿನವರು ದನಿಯಲ್ಲಿ ಹೇಳುವ ಒಟಿಪಿಯೂ ಅವರಿಗೇ. ಇಂಥ ಪ್ರಕರಣಗಳು ಹೆಚ್ಚಿದಾಗ ಕೇಂದ್ರದ ದೂರಸಂಪರ್ಕ ಇಲಾಖೆ ಮೊಬೈಲ್‌ಗಳಲ್ಲಿ ಹೀಗೆ ಯುಎಸ್‌ಎಸ್‌ಡಿ ಸಂಕೇತ ಒತ್ತಿ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ಆದೇಶಿಸಿತು. ಬೇಕಾದವರು ಬೇರೆ ಮಾರ್ಗದಲ್ಲಿ ಮತ್ತೆ ಮಾಡಿಕೊಳ್ಳಬೇಕು. ಓದುಗರು ಇವತ್ತೇ ತಮ್ಮ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕಾಲ್ ಫಾರ್ವರ್ಡಿಂಗ್ ಎದುರು ಯಾವುದಾದರೂ ಅಪರಿಚಿತ ನಂಬರು ಇದೆಯೇ ನೋಡಿಬಿಡುವುದು ಒಳ್ಳೆಯದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಅಣ್ಣ ಮೋಸಗಾರನಲ್ಲ. ಮೋಸದಿಂದ ಕಾಪಾಡಲು ಹೊರಟವನು. ಆದರೆ ದೊಡ್ಡಮ್ಮನ ಕಡೆಯಿಂದ ನೋಡಿದರೆ ಇಬ್ಬರೂ ಮಾಡಿದ್ದು ಒಂದೇ: ಅವರಿಗೆ ಹೇಳದೆ ಅವರ ಕರೆ ತಿರುಗಿಸಿದರು. ಇದನ್ನು ನಾನು ಅವನಿಗೆ ಆವತ್ತು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವನ ದನಿ ಆಗಲೇ ಇಳಿದಿತ್ತು.

ಕರೆ ಮಾಡಿದವರ ಪಾಡೂ ಯೋಚಿಸುವಂಥದೇ. ಇಂಟರ್‌ನೆಟ್ ಮೂಲಕ ಸಾಗುವ ಕರೆಗಳಿಗೆ ಎಸ್‌ಐಪಿ ಎಂಬ ನಿಯಮಾವಳಿಯಿದೆ, 2002ರದು. ಅದರಲ್ಲಿ 181 ಎಂಬ ಸಂದೇಶದ ಅರ್ಥ 'ನಿಮ್ಮ ಕರೆಯನ್ನು ಮುಂದಕ್ಕೆ ಕಳಿಸಲಾಗುತ್ತಿದೆ'. 302 ಎಂದರೆ 'ಇವರು ಸದ್ಯಕ್ಕೆ ಇಲ್ಲಿಲ್ಲ, ಅಲ್ಲಿ ನೋಡಿ'. ಯಂತ್ರಗಳು ತಮ್ಮ ತಮ್ಮಲ್ಲಿ ಎಷ್ಟು ಮರ್ಯಾದೆಯಿಂದ ತಿಳಿಸಿಕೊಳ್ಳುತ್ತವೆ! ಕುವೆಂಪುನಗರದ ಆ ಗೆಳತಿಯ ಕಿವಿಗೆ ಮಾತ್ರ ಇದೊಂದೂ ಬೀಳಲಿಲ್ಲ. ಎಂದಿನದೇ ರಿಂಗು, ಆಮೇಲೆ ಅವಸರದ ಗಂಡಸಿನ ದನಿ.

ಲ್ಯಾಪ್‌ಟಾಪ್ ತೆರೆದೆ. ಅಣ್ಣ ಪಾಸ್‌ವರ್ಡ್ ಹೇಳಿದ. ಮೊದಲು ಅದನ್ನೇ ಬದಲಿಸಿದೆವು, ಹೊಸದನ್ನು ದೊಡ್ಡಮ್ಮ ತಮ್ಮ ಡೈರಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. 'ಎಲ್ಲ ಕರೆ' ಎಂಬುದರ ಗುರುತು ತೆಗೆದು, 'ಉತ್ತರವಿಲ್ಲದಿದ್ದರೆ' ಎಂಬಲ್ಲಿ ಅಣ್ಣನ ನಂಬರು ತುಂಬಿದೆವು. ಪರೀಕ್ಷೆ ಮಾಡಿದರೆ ಕರೆ ತಿರುಗಲೇ ಇಲ್ಲ. ಹತ್ತು ನಿಮಿಷ ತಡಕಾಡಿದ ಮೇಲೆ ಹೊಳೆಯಿತು. ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ ಮುಂದೆ ಸೊನ್ನೆ ಸೇರಿಸಬೇಕೆಂಬ ನಿಯಮ 2021ರ ಜನವರಿ 15ರಿಂದ ಇದೆ, ನಾನು ಸೊನ್ನೆ ಬಿಟ್ಟಿದ್ದೆ. ಹಾಕಿದೆ, ತಿರುಗಿತು.

ಉಳಿದದ್ದು ಸೆಕೆಂಡಿನ ಚೌಕ. ಅಲ್ಲಿ ಮೊದಲೇ 15 ಎಂದಿತ್ತು.

"ನೀವು ಹಿತ್ತಲಿಗೆ ಹೋಗಿ ದೊಡ್ಡಮ್ಮ, ಕರಿಬೇವಿನ ಗಿಡದ ಹತ್ರ ನಿಂತ್ಕೊಳ್ಳಿ. ನಾನು ಗೇಟಿಂದ ಫೋನು ಮಾಡ್ತೀನಿ. ಅವಸರ ಮಾಡಬೇಡಿ, ದಿನಾ ಹೇಗೆ ಬರ್ತೀರೋ ಹಾಗೇ ಬನ್ನಿ" ಎಂದೆ. ಆ ಚೌಕದಲ್ಲಿ ಅರವತ್ತು ತುಂಬಿಟ್ಟು ಗೇಟಿಗೆ ಹೋದೆ.

ನಮ್ಮ ದೇಶದ ಟೆಲಿಫೋನು ರಿಂಗಿಗೆ ಒಂದು ಲಯವಿದೆ. ಟ್ರಿಂಗ್ ಟ್ರಿಂಗ್ ಎಂದು ಬೆನ್ನುಬೆನ್ನಿಗೆ ಎರಡು, ಆಮೇಲೆ ಎರಡು ಸೆಕೆಂಡಿನ ಮೌನ. ಒಂದು ಸುತ್ತಿಗೆ ಮೂರು ಸೆಕೆಂಡು. ನಾನು ಎಣಿಸುತ್ತಾ ನಿಂತೆ. ಐದಾಯಿತು, ಎಂಟಾಯಿತು. ಕೋಲಿನ ಸದ್ದು ಅಡುಗೆಮನೆಯಿಂದ ಕೇಳಿಸಿತು. ಹನ್ನೆರಡು. ಹದಿಮೂರನೆಯದಕ್ಕೆ ರಿಂಗು ನಿಂತು, "ಹಲೋ, ಯಾರು ಮಾತಾಡ್ತಿರೋದು?" ಎಂದರು, ನಾನೇ ಎಂದು ಚೆನ್ನಾಗಿ ಗೊತ್ತಿದ್ದೂ.

ಹದಿಮೂರು ಮೂರಲ 39. ಮಳೆಗಾಲದಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ ಎಂದು ಇನ್ನೂ ಸ್ವಲ್ಪ ಸೇರಿಸಿ 50 ಮಾಡಿದೆವು. ಅಷ್ಟರೊಳಗೆ ಎತ್ತದಿದ್ದರೆ ಕರೆ ಅಣ್ಣನಿಗೆ. "ಸರಿನಾ ಅಮ್ಮಾ?" ಎಂದು ಅವನು ಕೇಳಿದ. "ಸರಿ ಕಣಪ್ಪ. ಆ ಪೊಲೀಸು ಗಿಲೀಸು ಅಂತ ಬಂದ್ರೆ ನಾನೇ ಇಟ್ಟುಬಿಡ್ತೀನಿ, ಮೊನ್ನೆ ಇಟ್ಟಿರಲಿಲ್ವಾ?" ಎಂದರು. ನಿಜ, ಮೊದಲ ದಿನವೂ ಇಟ್ಟವರು ಅವರೇ.

ಸಂಜೆ ಹೊರಟಾಗ ನನ್ನನ್ನು ಕಳಿಸಲು ಗೇಟಿನವರೆಗೆ ಬಂದರು. ಕುವೆಂಪುನಗರಕ್ಕೆ ಮಧ್ಯಾಹ್ನವೇ ಫೋನು ಮಾಡಿ ಆಗಿತ್ತು. ಗೆಳತಿ ಮನೆಯಲ್ಲಿರಲಿಲ್ಲ, ಸೊಸೆಯ ಹತ್ತಿರ ಹೇಳಿಟ್ಟಿದ್ದರು. ಗಾಡಿ ಸ್ಟಾರ್ಟ್ ಮಾಡಬೇಕು, ಒಳಗೆ ಫೋನು ಬಡಿದುಕೊಂಡಿತು. ನಾನು ಓಡಲು ಹೆಜ್ಜೆ ಎತ್ತಿದೆ.

"ನಿಂತ್ಕೋ, ಅದು ನಂಗೆ ಬಂದಿರೋದು" ಎಂದು ಕೋಲೂರಿ ತಿರುಗಿದರು.

ಆರು, ಏಳು, ಎಂಟು. ಬಾಗಿಲ ಪರದೆ ಅಲುಗಾಡಿತು. ಹತ್ತು. ಹನ್ನೊಂದಕ್ಕೆ ರಿಂಗು ನಿಂತಿತು.

"ಇದೀನಿ ಕಣೇ, ಎಲ್ಲೂ ಹೋಗಿಲ್ಲ."